ಸುಖನಿದ್ರೆಯ ಪಾಠಗಳೂ ನಮ್ಮ ಓಣಿಯೂ

ದಾವಣಗೆರೆ,
೧೪ ಜುಲೈ ೧೯೫೯

ಅಂಚೆಯ ಮೂಲಕ ಸುಖನಿದ್ರೆ ಕಲಿಸುವ ವಿದ್ಯಾಲಯದ ಪ್ರಾಂಶುಪಾಲರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಹನ್ನೆರಡು ಪಾಠಗಳ ವಿದ್ಯಾರ್ಥಿಯೂ ಇಲ್ಲಿನ ಒಂದು ಹತ್ತಿ ಗಿರಣಿಯ ನೂಲುವ ಖಾತೆಯ ನೌಕರನೂ ಆದ ಕೊಟ್ಟೂರಪ್ಪನು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವೂ ದಿಂಬಿಗೆ ತಲೆಯಿಟ್ಟ ಕೂಡಲೇ ಗೊರಕೆ ಹೊಡೆಯುವಷ್ಟು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ದೊಡ್ಡವರ ಮೇಲೆ ದೂರು ಹೇಳುವ ಜಾಯಮಾನ ನನ್ನದಲ್ಲ. ಆದರೆ ತಮ್ಮ ಪಾಠಗಳು ನನ್ನ ಮನೆಯಲ್ಲಿ ನಡೆಸಿದ ಪವಾಡವನ್ನು ನಾಲ್ಕು ಜನ ತಿಳಿಯಲೆಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನನ್ನದು ರಾತ್ರಿ ಪಾಳಿ, ಎಂದರೆ ದಾವಣಗೆರೆ ಎದ್ದಾಗ ನಾನು ಮಲಗತಕ್ಕದ್ದು. ಬೆಳಿಗ್ಗೆ ಬಂದು ರೊಟ್ಟಿ ತಿಂದು ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ಎದುರುಮನೆಯ ಹುಲಿಗೆಮ್ಮನವರು ಒರಳಿಗೆ ಒಣಮೆಣಸಿನಕಾಯಿ ಸುರಿಯುತ್ತಾರೆ. ಪಕ್ಕದ ಮೌಲಾ ಸಾಬರು ಹಾಸಿಗೆಯ ಹತ್ತಿ ಹಿಂಜಲು ಬಿಲ್ಲನ್ನು ಟೈಂಯ್ ಎಂದು ಮೀಟುತ್ತಾರೆ. ಇಬ್ಬರದೂ ಹೊಟ್ಟೆಪಾಡು, ತಪ್ಪೆನ್ನಲಾಗದು. ಹೀಗೆ ನಾಲ್ಕು ತಿಂಗಳು ಕಣ್ಣಿಗೆ ಕಣ್ಣು ಹತ್ತದೆ, ಯುಗಾದಿಯ ಹಿಂದಿನ ವಾರ, ಕಡಿದ ಎಳೆ ಜೋಡಿಸುತ್ತ ನಿಂತವನು ನಿಂತಂತೆಯೇ ಯಂತ್ರದ ಮೇಲೆ ತೂಕಡಿಸಿ ಬಿದ್ದೆ. ಪಕ್ಕದ ಯಂತ್ರದ ಭರಮಣ್ಣ ನನ್ನನ್ನು ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಈ ಪತ್ರವನ್ನು ಎಡಗೈಯಲ್ಲಿ ಬರೆಯಬೇಕಾಗಿತ್ತು; ಅಂಗಿಯ ಬಲತೋಳು ಮಾತ್ರ ಹೋಯಿತು. ಮೇಸ್ತ್ರಿಗಳು, "ಇನ್ನೊಂದು ಸಲ ತೂಗಿದ್ರೆ ಮನ್ಯಾಗೇ ತೂಗ್ರಿ, ಇತ್ತ ಬರಬ್ಯಾಡ್ರಿ" ಎಂದು ಅಪ್ಪಣೆ ಕೊಡಿಸಿದರು. ಆ ವಾರವೇ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು.

ಎಡಗಾಲಿನ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗಕ್ಕೆ 'ಸಡಿಲಾಗು' ಎಂದು ಮನಸ್ಸಿನಲ್ಲೇ ಹೇಳಬೇಕೆಂಬ ತಮ್ಮ ಮೊದಲ ಪಾಠವನ್ನು ಅಕ್ಷರಶಃ ಪಾಲಿಸಿದೆ. ಹೆಬ್ಬೆರಳು ವಿಧೇಯವಾಗಿ ಸಡಿಲಾಯಿತು. ನಾನು ಮೊಣಕಾಲು ಮುಟ್ಟುವಷ್ಟರಲ್ಲಿ, ಮೇಲ್ವಿಚಾರಣೆ ಇಲ್ಲದ್ದು ಕಂಡು, ತಾನೇ ಮತ್ತೆ ಕೆಲಸಕ್ಕೆ ಹಾಜರಾಯಿತು. ಇಂಥ ಶ್ರದ್ಧೆ ನಮ್ಮ ಗಿರಣಿಯಲ್ಲೂ ಇಲ್ಲ.

ಎರಡನೆಯ ಪಾಠದಲ್ಲಿ ಪ್ರಶಾಂತವಾದ ನದೀತೀರವೊಂದನ್ನು ಕಣ್ಣಮುಂದೆ ತಂದುಕೊಳ್ಳಿರೆಂದು ಬರೆದಿದ್ದೀರಿ. ನನಗೆ ಗೊತ್ತಿರುವ ನದಿ ಹರಿಹರದ ತುಂಗಭದ್ರೆಯೊಂದೇ. ತಂದುಕೊಂಡೆ. ತಣ್ಣನೆಯ ಗಾಳಿ ಬೀಸಿತು, ಕಣ್ಣು ಭಾರವಾಯಿತು. ಅಷ್ಟರಲ್ಲಿ ಮಲೆಬೆನ್ನೂರಿನ ಬಸ್ಸಿನಿಂದ ನನ್ನ ಸೋದರಮಾವ ಉಜ್ಜನಪ್ಪನವರು ಇಳಿದು, "ಯಾಕೋ ಕೊಟ್ರಾ, ಹಗಲೊತ್ನಾಗೆ ಹೊಳಿ ದಂಡಿಗೆ ಮಲಗೀಯಲ್ಲ, ಕೆಲಸ ಹೋತೇನು?" ಎಂದರು. ಕಲ್ಪನೆಯಲ್ಲೇ ಆದರೂ ಮಾವನವರು. ಎದ್ದು ಕೂತು, ಮೊದಲಿನಿಂದ ಎಲ್ಲ ವಿವರಿಸಿ, ಚಹಾ ಕುಡಿಸಿ ಬಸ್ಸು ಹತ್ತಿಸುವ ಹೊತ್ತಿಗೆ ನಿಜವಾದ ಮಧ್ಯಾಹ್ನವಾಗಿತ್ತು. ಯಾರ ಬಂಧುಗಳೂ ವಾಸವಿರದ ನದಿಯೊಂದು ತಮ್ಮ ದಾಸ್ತಾನಿನಲ್ಲಿದ್ದರೆ ದಯಮಾಡಿ ಅಂಚೆಯಲ್ಲಿ ಕಳುಹಿಸಿರಿ. ಮೂರನೆಯ ಪಾಠದ ಬಿಳಿಮೋಡಗಳ ವಿಷಯ ಎತ್ತುವುದೇ ಬೇಡ; ಹತ್ತಿ ಗಿರಣಿಯವನಿಗೆ ಮೋಡ ತೋರಿಸಿದರೆ ಅದು ಎಷ್ಟನೇ ನಂಬರಿನ ನೂಲಿಗೆ ಆದೀತೆಂದು ಎದ್ದು ಕೂರುತ್ತಾನೆ.

ಇಷ್ಟರ ಮೇಲೆ ನಾಲ್ಕನೆಯ ಪಾಠ. ಕಣ್ಣು ಮುಚ್ಚಿಕೊಂಡು ಮುಂದಿನ ಸೂಚನೆಗಳನ್ನು ಅನುಸರಿಸಿರಿ ಎಂದು ಅಪ್ಪಣೆಯಾಯಿತು. ಕಣ್ಣು ಮುಚ್ಚಿದವನು ಸೂಚನೆ ಓದುವುದು ಹೇಗೆ? ಹರಿಹರದ ತವರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ ನನ್ನ ಹೆಂಡತಿ ಗುರುಶಾಂತಮ್ಮನನ್ನು ಕರೆದು, ನೀನು ಓದು, ನಾನು ಮಲಗುತ್ತೇನೆ ಎಂದೆ. "ಒಲಿ ಮ್ಯಾಲೆ ಬ್ಯಾಳಿ ಐತ್ರೀ" ಎನ್ನುತ್ತಲೇ ಕೂತಳು. 'ನಿಮ್ಮ ರೆಪ್ಪೆಗಳು ಭಾರವಾಗುತ್ತಿವೆ' ಎಂಬಲ್ಲಿಗೆ ದನಿ ನಿಂತಿತು. ಕಣ್ಣು ತೆರೆದು ನೋಡಿದರೆ ಗೋಡೆಗೆ ಒರಗಿ, ಪುಸ್ತಕವನ್ನು ಎದೆಗೊತ್ತಿಕೊಂಡು, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಾಳೆ.

ಮಾನ್ಯರೇ, ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅವಳು ನಿದ್ದೆ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗಿಂತ ಮುಂಚೆ ಏಳುವವಳು, ನನ್ನ ನಂತರ ಮಲಗುವವಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ಎಬ್ಬಿಸಲು ಮನಸ್ಸಾಗದೆ ನಾನೇ ಹೋಗಿ ಬೇಳೆ ಇಳಿಸಿದೆ, ತಳ ಹಿಡಿದಿತ್ತು. ಮಧ್ಯಾಹ್ನ ಗಾಬರಿಯಿಂದ ಎದ್ದವಳನ್ನು ಏನಾಗಿದೆ ಎಂದು ಕೇಳಿದರೆ ಬೇಳೆಯ ಪಾತ್ರೆಯ ಕಡೆ ಓಡಿದಳು. ಮತ್ತೆ ಕೇಳಿದಾಗ ಹೊರಬಿತ್ತು. ಅಂಗಿ ಮೊಳೆಗೆ ಸಿಕ್ಕಿ ಹರಿಯಿತೆಂದು ನಾನು ಹೇಳಿದ್ದ ಸುಳ್ಳು ಮಾರನೆಯ ದಿನವೇ ಭರಮಣ್ಣನ ಹೆಂಡತಿ ಓಬವ್ವನ ಬಾಯಲ್ಲಿ ಬಯಲಾಗಿತ್ತಂತೆ. "ಹೊತ್ತಲ್ಲದ ಹೊತ್ನಾಗೆ ಮಿಲ್ಲಿನ ಸೈರನ್ ಕೂಗಿದ್ರೆ ಯಾರಿಗೋ ಏಟಾಗೈತೆ ಅಂತಾರಲ್ರೀ, ರಾತ್ರಿಯೆಲ್ಲ ಅದಕ್ಕೇ ಕಿವಿಕೊಟ್ಟು ಕುಂತಿರ್ತಿದ್ದೆ. ನೀವು ಕಣ್ಣೆದುರಿಗೆ ಇದ್ರಿ ನೋಡ್ರಿ, ಹಂಗಾಗಿ ಜೊಂಪು ಹತ್ತಿಬಿಡ್ತು" ಎಂದಳು. ನಾನು ಒಂದು ಪಾಳಿ ಎಚ್ಚರವಿದ್ದರೆ ಅವಳು ಎರಡೂ ಪಾಳಿ ಎಚ್ಚರವಿದ್ದಳು, ಹಾಜರಿ ಪುಸ್ತಕವಿಲ್ಲದೆ.

ಅಂದಿನಿಂದ ಪಾಠ ನಿತ್ಯವೂ ನಡೆಯಿತು. ಕಾರಪುಡಿ ಕೊಡಲು ಬಂದ ಹುಲಿಗೆಮ್ಮನವರು ಹೊಸ್ತಿಲಲ್ಲಿ ಕೂತು ಕೇಳಿ, ಐದನೆಯ ಪಾಠದ ಅರ್ಧಕ್ಕೆ ಕಂಬಕ್ಕೆ ಒರಗಿದರು. ಏನು ಸದ್ದಿಲ್ಲವಲ್ಲ ಎಂದು ಇಣುಕಿದ ಮೌಲಾ ಸಾಬರು, "ಕ್ಯಾ ಕಿತಾಬ್ ಐತ್ರೀ ಇದು!" ಎಂದು ಬೆರಗಾಗಿ, ತಾವೇ ಹಿಂಜಿದ ಹತ್ತಿಯ ಮೇಲೆ ಉರುಳಿದರು. ಒರಳು ನಿಂತಿತು, ಬಿಲ್ಲು ನಿಂತಿತು, ಓಣಿಯೇ ತಣ್ಣಗಾಯಿತು. ಈಗಲಾದರೂ ಮಲಗೋಣವೆಂದರೆ, ಅಂಗಳದಲ್ಲಿ ಒಣಹಾಕಿದ ಎಲ್ಲರ ಜೋಳವನ್ನೂ ಮೇಕೆಗಳಿಂದ ಕಾಯಲು ಎಚ್ಚರವಿದ್ದ ಪ್ರಾಣಿ ನಾನೊಬ್ಬನೇ.

ಕೊನೆಗೆ ಭರಮಣ್ಣನಿಗೆ ಎಲ್ಲ ಹೇಳಿಕೊಂಡೆ. ಹಗಲು ಪಾಳಿಗೆ ವರ್ಗವಾಗಿದ್ದ ಅವನು ಕೇಳಿ ನಕ್ಕ. "ನಮ್ಮನ್ಯಾಗೆ ಐದು ಮಕ್ಳು, ಅತ್ತಿ ಬ್ಯಾರೆ. ರಾತ್ರಿ ಮಿಲ್ಲೇ ನನಗೆ ಛಲೋ ಐತೆ. ಬದಲಿ ಮಾಡ್ಕಳೋಣ ಬರ್ರಿ ಮೇಸ್ತ್ರಿ ತಾವ" ಎಂದ. ಮೇಸ್ತ್ರಿಗಳು ಒಂದು ದಿನ ಗೊಣಗಿ ಒಪ್ಪಿದರು. ಮೂರು ವಾರದಿಂದ ನಾನು ಹಗಲು ದುಡಿದು ರಾತ್ರಿ ಮಲಗುತ್ತಿದ್ದೇನೆ. ಯಾವ ನದಿಯೂ ಮೋಡವೂ ಇಲ್ಲದೆ ಕೊರಡಿನಂತೆ ಮಲಗುತ್ತಿದ್ದೇನೆ. ಅವಳೂ ಅಷ್ಟೇ.

ಆದಕಾರಣ ನನ್ನ ಬಿನ್ನಹವಿಷ್ಟೇ. ಹನ್ನೆರಡು ಪಾಠಗಳಲ್ಲಿ ಒಂದರಲ್ಲೂ ತೇರ್ಗಡೆಯಾಗದ ನನ್ನನ್ನು ತಮ್ಮ ಹಾಜರಿಯಿಂದ ತೆಗೆದುಹಾಕಿರಿ. ತಾವು ಜಾಹೀರಾತಿನಲ್ಲಿ ಮಾತುಕೊಟ್ಟ ಬಣ್ಣದ ಸರ್ಟಿಫಿಕೇಟನ್ನು ಶ್ರೀಮತಿ ಗುರುಶಾಂತಮ್ಮನವರ ಹೆಸರಿಗೆ, ಪ್ರಥಮ ದರ್ಜೆಯೆಂದು ನಮೂದಿಸಿ ಕಳುಹಿಸಿರಿ. ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಲು ಮೊಳೆ ಹೊಡೆದಿಟ್ಟಿದ್ದೇನೆ.

ಅನುತ್ತೀರ್ಣನಾದರೂ ಋಣಿಯಾದ
ತಮ್ಮ ವಿಶ್ವಾಸಿ,
ಕೊಟ್ಟೂರಪ್ಪ

ತಾ.ಕ.: ಈ ಹಿಂದೆ ಖಾಸಗಿಯಾಗಿ ಬರೆದ ಮೂರು ಕಾಗದಗಳಿಗೆ ತಮ್ಮ ಕಚೇರಿಯಿಂದ ಉತ್ತರವಿಲ್ಲ. ಅಲ್ಲಿಗೆ ಹೋಗಿಬಂದ ನಮ್ಮೂರಿನವರೊಬ್ಬರು ಹಾಡುಹಗಲೇ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು, ಎಷ್ಟು ಬಡಿದರೂ ಯಾರೂ ಓಗೊಡಲಿಲ್ಲ ಎಂದರು. ತಮ್ಮ ಪಾಠದಲ್ಲಿ ನನಗಿದ್ದ ಕೊನೆಯ ಸಂಶಯವೂ ಅದರಿಂದ ಪರಿಹಾರವಾಯಿತು. ಅವಸರವಿಲ್ಲ, ಎದ್ದ ಮೇಲೆ ಬರೆಯಿರಿ.