ಕಿಟಕಿ ಮೂಲೆಯ ಪ್ಲಗ್ ಪಾಯಿಂಟು

ನಮ್ಮ ಮನೆಯ ಕಿಟಕಿ ಪಕ್ಕದ ಮೂಲೆಯ ಮೇಲೆ ಮದುವೆಯಾದಾಗಿನಿಂದ ನನಗೆ ಕಣ್ಣು. ಅಲ್ಲೊಂದು ಆರಾಮಕುರ್ಚಿ, ಪಕ್ಕದ ಸ್ಟೂಲಿನ ಮೇಲೆ ಮೇಜುದೀಪ, ಮಡಿಲಲ್ಲಿ ಪುಸ್ತಕ, ಮುಗಿಲಲ್ಲಿ ನಾನು. ಆದರೆ ಮೂಲೆಯಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಜೊತೆಗೆ, ಹೊಲಿಗೆ ಮೆಷಿನ್ ಇಡಲು ನನ್ನಾಕೆಯ ಕಣ್ಣೂ ಅದೇ ಮೂಲೆಯ ಮೇಲಿದೆ.

"ಹಾಲ್‌ನಿಂದ ಎಕ್ಸ್‌ಟೆನ್ಷನ್ ವೈರು ಎಳ್ಕೊಂಡು ಮೆಷಿನ್ ಇಟ್ಕೋತೀನಿ ಬಿಡಿ," ಎಂದಳು ಒಮ್ಮೆ.

"ಎಕ್ಸ್‌ಟೆನ್ಷನ್ ಅನ್ನೋದು ಎರಡು ದಿನದ ನೆಂಟ ಕಣೇ. ಖಾಯಂ ಇಟ್ಕೋಬಾರದು. ಕಾಲಿಗೆ ಸಿಗುತ್ತೆ, ಬಿಸಿಯಾಗುತ್ತೆ." (ವಿದ್ಯುತ್ ಸುರಕ್ಷತೆಯ ಕೈಪಿಡಿಯೊಂದನ್ನು ನಾನು ಮೂರು ಸಲ ಪಾರಾಯಣ ಮಾಡಿದ್ದೇನೆ.)

ಕೊನೆಗೆ ಒಂದು ಭಾನುವಾರ ಒಪ್ಪಂದವಾಯಿತು. ಅವಳ ತಮ್ಮ ಎಲೆಕ್ಟ್ರಿಷಿಯನ್. ಹಿಂದಿನ ವಾರವೇ ಆ ಗೋಡೆಯ ಮೇಲಿನಿಂದ ಕೆಳತನಕ ಪ್ಲಾಸ್ಟಿಕ್ ಪಟ್ಟಿ ಹೊಡೆದು, ಅದರೊಳಗೆ ವೈರು ಇಳಿಬಿಟ್ಟು ಹೋಗಿದ್ದ. ಪ್ಲಗ್ಗಿನ ಪೆಟ್ಟಿಗೆ ಕೂರಿಸುವುದಷ್ಟೇ ಬಾಕಿ.

"ಅವನು ನಾಲ್ಕಕ್ಕೆ ಬರ್ತಾನೆ. ಅಷ್ಟರೊಳಗೆ ನೀವೇ ಪಾಯಿಂಟ್ ಹಾಕಿ, ಸ್ಟೂಲ್ ಮೇಲೆ ನಿಮ್ಮ ದೀಪ ಉರಿದ್ರೆ ಮೂಲೆ ನಿಮ್ದು. ಇಲ್ದಿದ್ರೆ ನನ್ ಮೆಷಿನ್‌ದು."

ಊಟವಾದ ಮೇಲೆ ರಬ್ಬರ್ ಚಪ್ಪಲಿ ಮೆಟ್ಟಿ, ಕೈ ಒರೆಸಿಕೊಂಡು ರಣರಂಗಕ್ಕಿಳಿದೆ. ಕರೆಂಟ್ ಇರುವ ಕಡೆ ಮೊದಲು ಟೆಸ್ಟರ್ ಪರೀಕ್ಷಿಸಿದೆ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗಿಳಿಸಿ, 'ಮುಟ್ಟಿದರೆ ಜೋಕೆ' ಎಂದು ಬರೆದು ಅಂಟಿಸಿದೆ. ಆಮೇಲೆ ಇಳಿಬಿಟ್ಟ ವೈರುಗಳಿಗೆ ಟೆಸ್ಟರ್ ಮುಟ್ಟಿಸಿದೆ. ಅದು ಮಿಟುಕಲಿಲ್ಲ.

ಪೆಟ್ಟಿಗೆ ಎಷ್ಟು ಎತ್ತರಕ್ಕೆ ಬೇಕೆಂದು ನೋಡಲು ಕುರ್ಚಿಯಲ್ಲಿ ಕೂತೆ. ಅಲ್ಲೇ ಎಡವಟ್ಟಾಯಿತು. ಫ್ಯಾನ್ ನಿಂತ ಮನೆಯಲ್ಲಿ ಎಂಥ ನಿಶ್ಶಬ್ದ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಜಾರುತ್ತಿತ್ತು, ಧೂಳಿನ ಕಣಗಳು ಅವಸರವಿಲ್ಲದೆ ತೇಲುತ್ತಿದ್ದವು. ನನ್ನ ದೀಪ ಹೊತ್ತಿಕೊಂಡಿತು, ಪುಟಗಳು ತಾವೇ ಮಗುಚಿದವು, ಯಾರೋ ಕಾಫಿ ತಂದಿಟ್ಟು ಮಾತಾಡದೆ ಹೋದರು. (ಆಗಲೇ ಇದು ಕನಸೆಂದು ಗೊತ್ತಾಗಬೇಕಿತ್ತು.) ನಾನು ಎದ್ದು, ಮೊಣಕಾಲೆತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿದೆ.

ಕಣ್ಣು ಬಿಟ್ಟಾಗ ಮೂರು ಗಂಟೆ. ಗೋಡೆಯ ಮೇಲೆ ನಿಜವಾಗಿಯೂ ನೀಲಿ ಬಳಪದ ಗುರುತಿತ್ತು! ಎತ್ತರ ತುಸು ಜಾಸ್ತಿಯೆನಿಸಿತು. ಕೂತು ನೋಡಿದರೆ ಎಲ್ಲವೂ ಎತ್ತರವೇ ಅಲ್ಲವೇ ಎಂದುಕೊಂಡೆ. ಮತ್ತೊಮ್ಮೆ ಟೆಸ್ಟರ್ ಮುಟ್ಟಿಸಿ ನೋಡಿ, ಅಲ್ಲಿಗೇ ವೈರು ಕತ್ತರಿಸಿ, ಪೆಟ್ಟಿಗೆ ಕೂರಿಸಿದೆ. ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲೆ ಹಸಿರು ಅರ್ತ್. ಒಂದೊಂದು ವೈರನ್ನೂ ಜಗ್ಗಿ ನೋಡಿಯೇ ಸ್ಕ್ರೂ ಬಿಗಿದೆ.

ನಾಲ್ಕಕ್ಕೆ ಭಾವಮೈದ ಬಂದ. ಮುಚ್ಚಳ ಬಿಚ್ಚಿ ಬಹಳ ಹೊತ್ತು ನೋಡಿದ.

"ಭಾವ, ನಾನೂ ಇಷ್ಟು ಅಚ್ಚುಕಟ್ಟಾಗಿ ಮಾಡಲ್ಲ. ನಿಜವಾಗ್ಲೂ."

ನಾನು ಉಬ್ಬಿಹೋದೆ. ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಹೊಗಳಿದ್ದು ಅದೇ ಮೊದಲು. ಮುಚ್ಚಳ ಹಾಕಿ, ಫ್ಯೂಸ್ ಮರಳಿಸಿ, ಮೇನ್ ಆನ್ ಮಾಡಿ, ಸ್ಟೂಲಿನ ಮೇಲೆ ದೀಪವಿಟ್ಟು ಅದರ ವೈರನ್ನು ಪಾಯಿಂಟಿನತ್ತ ಎತ್ತಿದೆ. ಒಂದು ಗೇಣು ಕಡಿಮೆ ಬಿತ್ತು.

"ಕೆಳಗಿಳಿಸೋಣ," ಎಂದೆ.

"ವೈರು ಕತ್ತರಿಸಿಬಿಟ್ಟಿದೀರಲ್ಲ ಭಾವ. ಪಟ್ಟಿಯೊಳಗೆ ಜಾಯಿಂಟ್ ಹಾಕೋದು ಒಳ್ಳೇದಲ್ಲ. ಮೆಷಿನ್‌ಗಾದ್ರೆ ಹೇಳಿ ಮಾಡಿಸಿದ ಎತ್ತರ."

"ಆಗದೆ ಏನು," ಎಂದಳು ನನ್ನಾಕೆ, ಬಟ್ಟೆಗೆ ಗುರುತು ಹಾಕುವ ನೀಲಿ ಬಳಪವನ್ನು ಬೆರಳಲ್ಲಿ ತಿರುಗಿಸುತ್ತ. "ಬೆಳಿಗ್ಗೆ ಮೆಷಿನ್ ಅಳತೆ ನೋಡಿ ನಾನೇ ಗುರುತು ಹಾಕಿದ್ದೆ. ನೀವು ಅದನ್ನ ನೋಡಿಕೊಂಡೇ ಹಾಕ್ತಿದೀರ ಅಂತ ನನಗೆಷ್ಟು ಸಂತೋಷವಾಯ್ತು ಗೊತ್ತಾ."

ಅದು ನನ್ನ ಕನಸಿನ ಗುರುತೆಂದು ನಂಬಿದ್ದನ್ನು ನುಂಗಿಕೊಂಡು, ದೀಪದ ವೈರು ಸುತ್ತತೊಡಗಿದೆ.

"ದೀಪಕ್ಕೊಂದು ಎಕ್ಸ್‌ಟೆನ್ಷನ್..." ಎಂದೆ ಮೆಲ್ಲಗೆ.

"ಎರಡು ದಿನದ ನೆಂಟ ರೀ. ನೀವೇ ಹೇಳಿದ್ದು."

ಈಗ ಆ ಮೂಲೆಯಲ್ಲಿ ಮೆಷಿನ್ ಟರ್ರೆನ್ನುತ್ತದೆ. ಸೂಜಿಯ ಮೇಲೆ ಅದರದೇ ಪುಟ್ಟ ದೀಪವೊಂದಿದೆ. ಪಕ್ಕದಲ್ಲಿ ಕುರ್ಚಿ ಹಾಕಿ, ಆ ಬೆಳಕಿಗೆ ಪುಸ್ತಕ ಚಾಚಿ ಓದುತ್ತೇನೆ. ಅರ್ಧ ಪುಟ ದಾಟಿ ಕಣ್ಣು ಮುಗಿಲಿಗೇರುವಷ್ಟರಲ್ಲಿ ಅವಳ ದನಿ ಕೇಳುತ್ತದೆ.

"ಪುಸ್ತಕ ಆಚೆ ಇಡಿ, ಈ ಪರದೆ ತುದಿ ಹಿಡ್ಕೊಳಿ."