ಎದುರುಮನೆ ಮಾಮಿ ನಟಿಸಿದ ಬಾಡಿಗೆ ಸಿನಿಮಾ

ನಾನು ಬಾಡಿಗೆಗೆ ಸಿನಿಮಾ ತಗೊಂಡಾಗೆಲ್ಲ ಟೀವಿ ಒಳಗಿನದಕ್ಕಿಂತ ದೊಡ್ಡ ಸಿನಿಮಾ ಟೀವಿ ಮುಂದೆ ನಡೆಯುತ್ತದೆ. ಹಣೆಬರಹ, ಏನು ಮಾಡೋದು! ಮಂಡ್ಯದಿಂದ ಮದರಾಸಿನ ಈ ವೆಸ್ಟ್ ಮಾಂಬಲಂಗೆ ಬಂದು ಒಂಬತ್ತು ವರ್ಷವಾಯಿತು. ಕಂಪನಿ ಕೆಲಸ ಬಿಟ್ಟರೆ ನನಗಿರುವ ಚಟ ಇದೊಂದೇ. ವಿಮರ್ಶಕ ಗಿಮರ್ಶಕ ಏನಲ್ಲ, ಸುಮ್ಮನೆ ನೋಡುವವನು. ಆದರೆ ಅಭಿಪ್ರಾಯಕ್ಕೇನೂ ಬರವಿಲ್ಲ. ಇಂಟರ್ವಲ್ ಇಲ್ಲದ್ದು ನನ್ನ ಲೆಕ್ಕದಲ್ಲಿ ಸಿನಿಮಾನೇ ಅಲ್ಲ. ಬೋಂಡಾ ತಿನ್ನೋದು ಯಾವಾಗ? ಈಗಿನ ಹೀರೋಗಳು ಬರೀ ಕತ್ತಲಲ್ಲೇ ಓಡಾಡುತ್ತಾರೆ, ಯಾರಾದರೂ ಪುಣ್ಯಾತ್ಮರು ಒಂದು ಟ್ಯೂಬ್‌ಲೈಟ್ ಹಾಕಿಸಿಕೊಡಬಾರದೇ ಅನ್ನಿಸುತ್ತದೆ. ಇಂಥ ನಾನು ಕಳೆದ ತಿಂಗಳು ಒಂದೇ ಒಂದು ಹಳೇ ಸಿನಿಮಾ ನೋಡೋಕೆ ಹೋಗಿ ಪಟ್ಟ ಪಾಡನ್ನು ಕೇಳಿ.

೧. ಸಹಸ್ರನಾಮ

ಹಿಂದೆ ನಮ್ಮೂರ ಕ್ಯಾಸೆಟ್ ಅಂಗಡಿಯವನು ತಾನೇ ಆರಿಸಿ ಕೊಡುತ್ತಿದ್ದ. "ಇದ್ ತಗೊಂಡೋಗಿ ಸಾ, ಮನೆಮಂದಿಯೆಲ್ಲ ಕೂತ್ಕಂಡ್ ನೋಡ್ಬೋದು" ಅಂದರೆ ಮುಗಿಯಿತು, ಎದುರು ಮಾತಿಲ್ಲ. ಈಗಿನ ಆ್ಯಪ್ ಹಾಗಲ್ಲ. ಸಾವಿರ ಪೋಸ್ಟರ್ ಮುಂದಿಟ್ಟು ನೀನೇ ಆರಿಸ್ಕೊ ಅನ್ನುತ್ತದೆ. ಅದೂ ನಾನು ಒಂದು ಸಲ ತಪ್ಪಿ ದೆವ್ವದ ಸಿನಿಮಾ ಒತ್ತಿದ್ದಕ್ಕೆ, ನಿಮಗೆ ಇದೂ ಇಷ್ಟವಾಗಬಹುದು ಅಂತ ಇವತ್ತಿಗೂ ದಿನಕ್ಕೆ ಹತ್ತು ದೆವ್ವ ಕಳಿಸುತ್ತದೆ.

ಆ ಭಾನುವಾರ ಊಟ ಮುಗಿಸಿ ರಿಮೋಟ್ ಹಿಡಿದು ಕೂತವನು ಮೂರೂವರೆಯಾದರೂ ಆರಿಸುತ್ತಲೇ ಇದ್ದೆ. ನಮ್ಮ ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಲ್ಲೇ ಉತ್ತರ ಕೊಡುವವಳು, "ಪೋದುಂ ಪಾ", ಸಾಕಪ್ಪಾ ಸಾಕು, ಅಂತ ಕೈಮುಗಿದು ಎದ್ದು ಹೋದಳು. ಅಡುಗೆಮನೆಯಿಂದ ಹೆಂಡತಿ ಕೂಗಿದಳು:

"ಸಹಸ್ರನಾಮ ಮುಗೀತಲ್ರೀ, ಇನ್ನು ಮಂಗಳಾರತಿ ಮಾಡಿ ಎದ್ದೇಳಿ!"

೨. ಹೆಪ್ಪಿಗೆ ಬಂದವರು

ಅಷ್ಟರಲ್ಲಿ ಎದುರುಮನೆ ಮಾಮಿ ಮೊಸರಿಗೆ ಹೆಪ್ಪು ಕೇಳಿಕೊಂಡು ಬಟ್ಟಲು ಹಿಡಿದು ಬಂದರು. ಮಾಮಿ, ಮಾಮಾ ಇಬ್ಬರದೂ ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ವೈಷ್ಣವ ಮನೆತನ. ಮನೆಮಾತು ಕನ್ನಡವೇ, ನಡುನಡುವೆ ತಮಿಳಿನ ಒಗ್ಗರಣೆ. ಮಾಮಿಗೆ ಎಪ್ಪತ್ತು ದಾಟಿದೆ. ಟೀವಿಯಲ್ಲಿ ಯಾವುದೋ ಹಳೇ ಕನ್ನಡ ಸಿನಿಮಾದ ಕಪ್ಪುಬಿಳುಪು ಪೋಸ್ಟರ್ ಸರಿದುಹೋಗುತ್ತಿತ್ತು.

"ಅಯ್ಯಯ್ಯೋ, ನಿಲ್ಸಪ್ಪಾ, ನಿಲ್ಸು! ಅದು ನನ್ನ ಪಿಕ್ಚರು!"

ಬಟ್ಟಲು ಠಣ್ ಅಂತ ನೆಲಕ್ಕೆ ಬಿತ್ತು. ಮಾಮಿ ಸೋಫಾದ ಮೇಲೆ ಕೂತು ಕಥೆ ಹೇಳಿದರು. ಆಗ ಹೊಸದಾಗಿ ಮದುವೆಯಾಗಿ ತ್ರಿಪ್ಲಿಕೇನಿನ ಒಂದು ಓಣಿಯಲ್ಲಿದ್ದರಂತೆ. ಕೋಡಂಬಾಕ್ಕಂ ಸ್ಟುಡಿಯೋದಲ್ಲಿ ಕನ್ನಡ ಸಿನಿಮಾ ತೆಗೆಯುತ್ತಿದ್ದವರಿಗೆ ಮದುವೆ ಸೀನಿಗೆ ಕಚ್ಚೆಸೀರೆ ಉಡಲು ಬರುವ ಹೆಂಗಸರೇ ಬೇಕಾಗಿತ್ತು. ಹುಡುಕಿಕೊಂಡು ಓಣಿಗೇ ಬಂದರು. ಅಕ್ಕಪಕ್ಕದ ನಾಲ್ವರ ಜೊತೆ ಮಾಮಿಯೂ ಹೋಗಿ ಮದುಮಗಳ ಹಿಂದೆ ಅಕ್ಷತೆ ತಟ್ಟೆ ಹಿಡಿದು ನಿಂತರು. ಆ ಸಿನಿಮಾ ಬೆಂಗಳೂರಿನಲ್ಲಿ ಒಂದು ವಾರ ಓಡಿ ಮಾಯವಾಯಿತು, ಮದರಾಸಿಗೆ ಬರಲೇ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ ಮಾಮಾ ಹೇಳುವುದು ಒಂದೇ ಮಾತು: "ಅಂಥ ಪಿಕ್ಚರೇ ಬಂದಿಲ್ಲ. ಇವಳಿಗೆ ಕನಸು ಬಿದ್ದಿತ್ತು." ಮಕ್ಕಳೂ ನಕ್ಕರು, ಮೊಮ್ಮಕ್ಕಳಂತೂ ಅಜ್ಜಿಗೆ "ಹೀರೋಯಿನ್ ಪಾಟಿ" ಅಂತ ಹೆಸರೇ ಇಟ್ಟುಬಿಟ್ಟರು.

"ಐವತ್ತು ವರ್ಷದಿಂದ ಸುಳ್ಳು ಹೇಳೋಳು ಅನ್ನಿಸ್ಕೊಂಡಿದೀನಪ್ಪಾ. ಒಂದೇ ಒಂದ್ ಸಲ ಅವರಿಗೆ ತೋರಿಸ್ಬಿಡು" ಅಂದಾಗ ಮಾಮಿಯ ಕಣ್ಣು ತುಂಬಿಬಂದಿತ್ತು. ಇದಕ್ಕಿಂತ ಒಳ್ಳೇ ಕಾರಣಕ್ಕೆ ನಾನು ಯಾವತ್ತೂ ಸಿನಿಮಾ ಬಾಡಿಗೆಗೆ ತಗೊಂಡಿಲ್ಲ. ಗುಂಡಿ ಒತ್ತಿದೆ. ಶುರುಮಾಡಿದ ಗಳಿಗೆಯಿಂದ ಎರಡೇ ದಿನ ಅಂತ ಆ್ಯಪ್ ಹೇಳಿತು. ಆ ವಾರ ಕಳೆದರೆ ಸಿನಿಮಾನೇ ಅಲ್ಲಿಂದ ತೆಗೆದುಬಿಡುತ್ತಾರೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬೇರೆ ಇತ್ತು.

"ಒಂದ್ ನಿಮಿಷ ಇರು, ಪಟ್ಟೆಸೀರೆ ಉಟ್ಕೊಂಡ್ ಬರ್ತೀನಿ" ಅಂದರು ಮಾಮಿ.

"ಟೀವಿ ನೋಡಕ್ಕೆ ಪಟ್ಟೆಸೀರೆ ಯಾಕೆ ಮಾಮಿ?"

"ನನ್ನನ್ನ ನಾನೇ ನೋಡಕ್ಕೆ ಹೋಗ್ತಾ ಇದೀನಿ, ಹಳೇ ಸೀರೇಲಿ ಹೋದ್ರೆ ಅವಳು ಏನ್ ಅಂದ್ಕೋತಾಳೆ?"

೩. ನಿಲ್ಸು

ಮಾಮಿಯ ಹಿಂದೆಯೇ ಮಾಮಾ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ನಾಮ, ಯಾವುದೋ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೂರುವ ಮೊದಲೇ ವಿಚಾರಣೆ ಶುರು.

"ಎರಡು ದಿನ ಆದ್ಮೇಲೆ ತಾನಾಗೇ ಹೋಗ್ಬಿಡತ್ತಾ?"

"ಹೋಗತ್ತೆ ಮಾಮಾ."

"ಮತ್ತೆ ಬರಲ್ವಾ?"

"ಇಲ್ಲ ಮಾಮಾ, ತೆಗೆದುಬಿಡ್ತಾರಂತೆ."

"ಬೇಷ್, ಬೇಷ್!" ಅಂದರು. ಈಗಿನ ಟೆಕ್ನಾಲಜಿಯನ್ನು ಹೊಗಳುತ್ತಿದ್ದಾರೆ ಅಂದುಕೊಂಡೆ.

ಸಿನಿಮಾ ಶುರುವಾಯಿತು. ನೇರ ಮದುವೆ ಸೀನಿಗೇ ಓಡಿಸೋಣವೇ ಅಂದರೆ ಮಾಮಿ ಸುತರಾಂ ಒಪ್ಪಲಿಲ್ಲ. "ಬೇಡಪ್ಪಾ, ಓಡಿಸೋ ಭರದಲ್ಲಿ ನಾನೂ ಓಡಿಹೋಗ್ಬಿಟ್ರೆ?" ಸರಿ, ಮೊದಲಿನಿಂದಲೇ ನೋಡಿದೆವು. ನೋಡಲು ಮಾಮಾ ಬಿಟ್ಟರೆ ತಾನೆ! "ನಿಲ್ಸು, ಮಾತ್ರೆ ಮರೆತೆ." "ನಿಲ್ಸು, ನೀರು ಬೇಕು." "ನಿಲ್ಸು, ಈ ಹಾರ್ಮೋನಿಯಂ ನುಡಿಸ್ತಿರೋದು ಯಾರು?" "ನಿಲ್ಸು, ಫ್ಯಾನು ಯಾಕೋ ಸದ್ದು ಮಾಡ್ತಿದೆ." ಹಳೇ ಸಿನಿಮಾದ ಹೀರೋಗಳು ನಿಧಾನ ಅಂತ ನಾನೇ ಎಷ್ಟೋ ಸಲ ಬೈದಿದ್ದೇನೆ, ಆದರೆ ಇವನದೇನೂ ತಪ್ಪಿರಲಿಲ್ಲ. ಎರಡು ಗಂಟೆ ಕಳೆದಾಗ ಪಾಪ, ಆಗಷ್ಟೇ ಊರಿಗೆ ಬಂದು ರೈಲಿನಿಂದ ಇಳಿದಿದ್ದ. "ನಿಲ್ಸು, ಸಂಧ್ಯಾವಂದನೆಗೆ ಹೊತ್ತಾಯ್ತು" ಅಂತ ಮಾಮಾ ಎದ್ದರು, ಮಾಮಿಯನ್ನೂ ಎಬ್ಬಿಸಿಕೊಂಡು ಹೊರಟರು.

ಹೆಂಡತಿ ಟೀವಿಯನ್ನೇ ನೋಡುತ್ತಾ ಹೇಳಿದಳು: "ಆ ಟ್ರಂಕನ್ನಾದ್ರೂ ಅವನ ಕೈಯಿಂದ ಕೆಳಗಿಡಿಸಿ ನಿಲ್ಲಿಸ್ಬಾರ್ದಿತ್ತೇನ್ರೀ? ನಾಳೆವರೆಗೂ ಹೊತ್ಕೊಂಡೇ ನಿಂತಿರ್ಬೇಕು!"

೪. ಇಲಿ

ಸೋಮವಾರ ಆಫೀಸಿನಿಂದ ಬೇಗ ಬಂದೆ. ಮಾಮಿ ಅದೇ ಪಟ್ಟೆಸೀರೆ ಉಟ್ಟು ಬಂದು ಕೂತರು. "ಅವರು ಕೆಳಗೆ ಹೋಗಿದಾರೆ, ಈಗ ಬರ್ತಾರೆ" ಅಂದರು. ನಾನು ಟೀವಿ ಹಾಕಿದೆ. ಹೀರೋ ಟ್ರಂಕ್ ಕೆಳಗಿಟ್ಟ. ಕರೆಂಟು ಹೋಯಿತು.

ಹೊರಗೆ ನೋಡಿದರೆ ಎಲ್ಲರ ಮನೆಯಲ್ಲೂ ದೀಪ ಇದೆ, ನಮ್ಮ ಮನೆಯಲ್ಲಿ ಮಾತ್ರ ಇಲ್ಲ. ಮಾಮಾ ಮೇಲೆ ಬಂದು ತುಂಬಾ ನೊಂದುಕೊಂಡರು. "ಅಡಡಾ! ಹೀಗಾಗ್ಬಾರ್ದಿತ್ತು. ವಯರಿಂಗ್ ಸುಟ್ಟಿರತ್ತೆ, ಎರಡು ದಿನ ಬೇಕಾಗತ್ತೆ." ಎಲೆಕ್ಟ್ರಿಷಿಯನ್ ಬರುವಷ್ಟರಲ್ಲಿ ಎಂಟು ಗಂಟೆ. ಅವನು ಮೀಟರ್ ರೂಮಿಗೆ ಹೋದವನು ಅರ್ಧ ನಿಮಿಷದಲ್ಲಿ ವಾಪಸ್ ಬಂದು, "ಸಾರ್, ಯಾರೋ ಮೈನ್ ಸ್ವಿಚ್ಚ ಆಫ್ ಪಣ್ಣಿರುಕ್ಕಾಂಗ" ಅಂದ.

"ಇಲಿ ಇರ್ಬೇಕು" ಅಂದರು ಮಾಮಾ. "ಮಾಂಬಲಂ ಇಲಿಗಳು ಸಾಮಾನ್ಯ ಅಲ್ಲ." ಹಾಗಂದವರೇ ಮನೆ ಸೇರಿಕೊಂಡರು.

ಮಾಮಿ ಬಾಗಿಲಲ್ಲೇ ನಿಂತಿದ್ದರು. "ನಾನು ನಿಜ ಅಂತ ಗೊತ್ತಾಗೋದು ಅವರಿಗೆ ಬೇಡ್ವೇನೋಪ್ಪಾ" ಅಂದರು ಮೆಲ್ಲಗೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾಳೆ ಅರ್ಧ ದಿನ ರಜೆ ಹಾಕುತ್ತೇನೆ, ಪ್ರಳಯವೇ ಆದರೂ ತೋರಿಸಿಯೇ ಸಿದ್ಧ ಅಂದೆ. ಮಾಮಿ ಹೋದಮೇಲೆ ಹೆಂಡತಿಗೆ ಕೇಳಿದೆ, "ಅಲ್ವೇ, ಇಲಿ ಮೈನ್ ಸ್ವಿಚ್ ಇಳಿಸತ್ತಾ?"

"ಯಾಕ್ ಇಳಿಸಲ್ಲ? ಬಾಲ್ಕನಿಯಿಂದ ನಾನೇ ನೋಡ್ದೆ. ಪಂಚೆ ಉಟ್ಕೊಂಡಿತ್ತು."

೫. ಮದುವೆಯೂ ಊಟವೂ

ಮಂಗಳವಾರ ಎರಡು ಗಂಟೆ. ಬಾಡಿಗೆಯ ಗಡುವು ನಾಲ್ಕಕ್ಕೆ. ಮೀಟರ್ ರೂಮಿಗೆ ಬೀಗ ಹಾಕಿಸಿದ್ದೆ. ಹೆಂಡತಿ ನೀರು, ಮಾತ್ರೆ, ಬೀಸಣಿಗೆ ಎಲ್ಲವನ್ನೂ ಮಾಮಾನ ಮುಂದೆಯೇ ಜೋಡಿಸಿಟ್ಟಿದ್ದಳು. ಮಾಮಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಏಳಕೂಡದು" ಅಂದರು. ಈ ಸಲ ಯಾರ ಅಪ್ಪಣೆಗೂ ಕಾಯದೆ ನಾನು ಸಿನಿಮಾ ಓಡಿಸಿ ಧಾರೆ ಸೀನಿಗೇ ಬಂದೆ.

ಮಂಟಪ, ವಾದ್ಯ, ಮದುಮಗಳು. ಹಿಂದೆ ಸಾಲಾಗಿ ಐದು ಹೆಂಗಸರು. ನಾಲ್ವರು ಮದುಮಗಳನ್ನು ನೋಡುತ್ತಿದ್ದರೆ, ಕೊನೆಯ ಹುಡುಗಿ ಅಕ್ಷತೆ ತಟ್ಟೆ ಹಿಡಿದು ಕ್ಯಾಮೆರಾವನ್ನೇ ಕಣ್ಣರಳಿಸಿ ನೋಡುತ್ತಿದ್ದಾಳೆ. ಅದೇ ದುಂಡು ಮುಖ, ಅದೇ ಮೂಗುಬೊಟ್ಟು.

"ನಾನು! ನೋಡ್ರೀ, ನಾನೇ!"

ನಿಲ್ಲಿಸಿದೆ. ಮಾಮಿ ಎದ್ದು ಹೋಗಿ ಟೀವಿಯ ಮೇಲೆ ಬೆರಳಿಟ್ಟು ಆ ಹುಡುಗಿಯ ಕೆನ್ನೆ ಸವರಿದರು. ಹೆಂಡತಿ ಅವರನ್ನು ಅಪ್ಪಿಕೊಂಡಳು. ನನಗಂತೂ ನಮ್ಮಮ್ಮನೇ ಗೆದ್ದಷ್ಟು ಸಂತೋಷವಾಯಿತು.

"ಸರಿ ಸರಿ, ಇದೀಯ. ಒಪ್ಕೊಂಡೆ, ನಂದೇ ತಪ್ಪು" ಅಂದರು ಮಾಮಾ ಗಡಿಬಿಡಿಯಲ್ಲಿ. "ನೋಡಿ ಆಯ್ತಲ್ಲ, ಆಫ್ ಮಾಡಪ್ಪಾ. ಕಾಫಿ ಕುಡಿಯೋಣ."

ಐವತ್ತು ವರ್ಷದ ವ್ಯಾಜ್ಯ, ಒಂದೇ ಉಸಿರಿಗೆ ರಾಜಿ! ನನಗೆ ಯಾಕೋ ಗುಮಾನಿ ಬಂತು.

"ಇರಲಿ, ಊಟದ ಸೀನೂ ನೋಡ್ಬಿಡೋಣ" ಅಂದರು ಮಾಮಿ. ಖುಷಿಯಲ್ಲಿ ಅವರಿಗೆ ಮಾತು ತಡೆಯಲಾಗುತ್ತಿರಲಿಲ್ಲ. "ಅದನ್ನ ಮಾರನೇ ದಿನ ತೆಗೆದ್ರು. ನಿಜವಾದ ಹೋಳಿಗೆ ಊಟ, ಬನ್ನಿ ಅಂತ ಓಣಿಯೋರನ್ನೆಲ್ಲ ಕರೆದಿದ್ರು. ಏಕಾದಶಿ ಅಂತ ನಾವು ಹೆಂಗಸರು ಯಾರೂ ಹೋಗ್ಲಿಲ್ಲ. ಇವರಂತೂ ಆಗಲೂ ಏಕಾದಶಿ ಅಂದ್ರೆ ತೊಟ್ಟು ನೀರೂ ಮುಟ್ತಿರ್ಲಿಲ್ಲ. ಪಾಪ, ಅವತ್ತು ಸಂಜೆ ಆಫೀಸಿಂದ ಬಂದೋರು ಮಾತಾಡಕ್ಕೂ ಆಗದೆ ಬಿದ್ಕೊಂಡ್ಬಿಟ್ರು. ಎರಡು ಗಂಟೆ ಕೂತು ಕಾಲೊತ್ತಿದೀನಿ!"

ಮಾಮಾ ರಿಮೋಟಿಗೆ ಕೈ ಚಾಚಿದರು. ನಾನು ಅದನ್ನು ಹಿಂದಕ್ಕೆ ಎಳೆದುಕೊಂಡು ಸಿನಿಮಾ ಮುಂದುವರಿಸಿದೆ.

ಊಟದ ಪಂಕ್ತಿ ಬಂತು. ಮುಂದುಗಡೆ ಮದುಮಗಳ ಅಪ್ಪ ಹೀರೋಗೆ ಏನೋ ಗಂಭೀರವಾಗಿ ಹೇಳುತ್ತಿದ್ದ. ಅದು ಯಾರಿಗೂ ಕೇಳಿಸಲಿಲ್ಲ. ಯಾಕೆಂದರೆ ಅವನ ಹಿಂದೆಯೇ ಮೂರನೇ ಎಲೆಯಲ್ಲಿ ಒಬ್ಬ ತೆಳ್ಳನೆಯ ಹುಡುಗ, ಹಣೆಯಲ್ಲಿ ನಾಮ, ಅಗಲ ಕಿವಿ, ಲೋಕವನ್ನೇ ಮರೆತು ಹೋಳಿಗೆಯನ್ನು ಮಡಚಿ ಮಡಚಿ ತುಪ್ಪದಲ್ಲಿ ಅದ್ದುತ್ತಿದ್ದ. ಮಾಮಿ ಮುಂದಕ್ಕೆ ಬಗ್ಗಿ ನೋಡಿದರು. ಆಮೇಲೆ ಪಕ್ಕಕ್ಕೆ ತಿರುಗಿ ಗಂಡನ ಕಿವಿ ನೋಡಿದರು.

ಮಾಮಾ ಎದ್ದು ನಿಂತಿದ್ದರು. "ಅದು... ಅದು ನಟನೆ ಕಣೇ! ತಿಂದ ಹಾಗೆ ಮಾಡಿ ಅಂದ್ರು, ಮಾಡ್ದೆ. ದೇವರಾಣೆಗೂ ಒಂದು ಚೂರೂ ಗಂಟಲಲ್ಲಿ ಇಳಿದಿಲ್ಲ!"

ಟೀವಿಯಲ್ಲಿ ಆ ಹುಡುಗ ಎಲೆ ಖಾಲಿ ಮಾಡಿ, ಬಡಿಸುವವನನ್ನು ಕೈ ಬೀಸಿ ಕರೆದು ಇನ್ನೆರಡು ಹಾಕಿಸಿಕೊಂಡ.

ಮಾಮಿ ಸೆರಗು ಸರಿಮಾಡಿಕೊಂಡು ಸಮಾಧಾನವಾಗಿ ಕೇಳಿದರು: "ಆಗ್ಲಿ, ಇದು ನಟನೆ. ಅವತ್ತು ಸಂಜೆ ಮನೇಲಿ ಕಾಲೊತ್ತಿಸ್ಕೊಂಡ್ರಲ್ಲ, ಅದು ಯಾವ ಪಿಕ್ಚರಿಗೆ?"