ಏಳನೆಯ ವಡೆ

ತೊಂದರೆಯೆಲ್ಲ ಶುರುವಾದದ್ದು ಏಳನೆಯ ವಡೆಯಿಂದ.

ತೊಂಬತ್ತೆಂಟರ ಪಿತೃಪಕ್ಷ. ವಾಡಿಯಲ್ಲಿ ರೈಲ್ವೆ ಗುಮಾಸ್ತ ರಘೂತ್ತಮನ ತಂದೆ ವಿಠ್ಠಲರಾಯರ ಶ್ರಾದ್ಧ. ರಾಯರ ಸ್ಥಾನದಲ್ಲಿ ಕೂತು ಉಣ್ಣಲು ಚಿತ್ತಾಪುರದಿಂದ ನರಸಿಂಹಾಚಾರ್ಯರು ಬಂದಿದ್ದರು. ಪಾಪ, ಅವರಿಗೆ ಆ ವರ್ಷ ಹೊಸ ಕಾಯಿಲೆ ಅಂಟಿಕೊಂಡಿತ್ತು. ಹೊಟ್ಟೆತುಂಬ ಉಂಡು ಎದ್ದರೆ ಕಣ್ಣು ಕತ್ತಲಾಗಿ ದೊಪ್ಪನೆ ಬೀಳುತ್ತಿದ್ದರು. ಉಣ್ಣುವುದೇ ಕಸುಬಾದವರಿಗೆ ಇಂಥ ಕಾಯಿಲೆ ಬರಬಾರದು.

ಎದುರುಮನೆಯ ಡಾಕ್ಟರ್ ಕಲೀಮ್ ಬೆಳಿಗ್ಗೆಯೇ ಎಚ್ಚರಿಸಿದ್ದರು. "ಉಂಡ ಮ್ಯಾಗ ರಕ್ತೆಲ್ಲಾ ಹೊಟ್ಟಿಗಿ ಓಡ್ತದ್ರಿ ಆಚಾರ್ರೇ, ಬಿ.ಪಿ. ಇಳೀತದ. ಹೊರದೇಶದಾಗ ಈಗ ಇದರ ಮ್ಯಾಲ ಭಾಳ ಸಂಶೋಧನಾ ನಡದದ. ಮೊದಲ ಎರಡು ಗ್ಲಾಸ್ ನೀರು ಕುಡೀರಿ, ಕಮ್ಮಿ ಉಣ್ರಿ. ಇನ್ನೊಮ್ಮಿ ಫರಶಿ ಕಲ್ಲಿನ ಮ್ಯಾಲ ಬಿದ್ರ ತಲಿ ಉಳ್ಯಾಂಗಿಲ್ಲ."

ಆಚಾರ್ಯರಿಗೆ ಜೀವದ ಭಯ ಹತ್ತಿತು. ನೀರು ಕುಡಿದೇ ಕೂತರು. ನಾಲ್ಕು ವಡೆಗೆ ಮುಗಿಸಿಬಿಡಬೇಕೆಂದು ನಿಶ್ಚಯಿಸಿದ್ದರು. ಆದರೆ ಶ್ರಾದ್ಧದೂಟ ಮೌನದ ಊಟ, ಸಾಕೆಂದು ಬಾಯಿಬಿಡುವಂತಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ಬಾಗಿಲ ಮರೆಯಲ್ಲಿ ನಿಂತಿದ್ದ ರಾಯರ ಹೆಂಡತಿ ನರ್ಮದಾಬಾಯಿಯ ಕಣ್ಣು ತುಂಬಿತು.

"ರಘು, ನೋಡೋ! ನಿಮ್ಮಪ್ಪನೂ ಹಿಂಗೇ ಕೈ ಅಡ್ಡ ಹಿಡೀತಿದ್ರು. ಹಂಗಂದ್ರ ಇನ್ನೂ ಬೇಕಂತ. ಹಾಕು!"

ಆಚಾರ್ಯರು ಕಣ್ಣರಳಿಸಿ ಬೇಡವೆಂದು ತಲೆಯಾಡಿಸಿದರು.

"ಕಣ್ಣೂ ಹಂಗೇ ಬಿಡ್ತಿದ್ರು," ಎಂದು ಪಕ್ಕದ ಮನೆಯ ಪದ್ಮಶ್ರೀ ಪಿಸುಗುಟ್ಟಿದಳು.

ಐದು ಬಿತ್ತು, ಆರು ಬಿತ್ತು, ಏಳೂ ಬಿತ್ತು. ಎಲೆಯಲ್ಲಿ ಬಿಡುವಂತಿಲ್ಲ. ಕೈತೊಳೆಯಲು ಎದ್ದದ್ದಷ್ಟೇ ಆಚಾರ್ಯರಿಗೆ ನೆನಪು.

ಎಚ್ಚರವಾದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಹಾಡಹಗಲಲ್ಲೇ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹಿತ್ತಲಲ್ಲಿ ಅಷ್ಟೊತ್ತು ಅರಚುತ್ತಿದ್ದ ಕಾಗೆಗಳೂ ಸುಮ್ಮನಾಗಿದ್ದವು. ಆಚಾರ್ಯರು ಯಾರದೋ ಮಂಚದ ಮೇಲಿದ್ದರು. ಮೈಮೇಲೆ ಯಾರದೋ ಶಾಲು. ಎದುರಿನ ಫೋಟೋದಲ್ಲಿ ವಿಠ್ಠಲರಾಯರು ಅದೇ ಶಾಲು ಹೊದ್ದು ಇವರನ್ನೇ ನೋಡುತ್ತಿದ್ದರು.

ರಘೂತ್ತಮ ಕೈಮುಗಿದು ಕೇಳಿದ. "ಅಪ್ಪಾ, ಬಂದ್ಯಾ?"

"ನಾ ನಿಮ್ಮಪ್ಪ ಅಲ್ಲೋ ಮಾರಾಯಾ! ಇದು ಬಿ.ಪಿ.! ಡಾಕ್ಟರ್‌ಗ ಕರೀರಿ!"

ಆ ಧ್ವನಿ ಅವರಿಗೇ ಬೇರೆ ಯಾರದೋ ಅನಿಸಿತು.

ಕಲೀಮ್ ಓಡಿಬಂದು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು.

"ಇವರಿಗಿ ತಿಳಿಸಿ ಹೇಳ್ರಿ ಡಾಕ್ಟರ್ ಸಾಬ್," ಎಂದರು ಆಚಾರ್ಯರು.

"ಕಾಯಿಲೇನೇ ಅದ್ರಿ. ಮ್ಯಾಲಿನ ಬಿ.ಪಿ.ನೇ ಎಂಬತ್ನಾಕಕ್ಕ ಇಳದದ." ಡಾಕ್ಟರು ತಡವರಿಸಿದರು. "ವಿಠ್ಠಲರಾಯರಿಗೂ ಇದೇ ಇತ್ತು. ಉಂಡ ಮ್ಯಾಗ ಎಂಬತ್ನಾಕು. ತೀರಿಹ್ವಾದ ದಿನಾನೂ ಎಂಬತ್ನಾಕೇ. ವಾಡ್ಯಾಗ ಇಷ್ಟು ಇಳದದ್ದು ಮತ್ತ್ಯಾರಿಗೂ ನಾ ನೋಡಿಲ್ಲ."

ಎಲ್ಲರೂ ಒಬ್ಬೊಬ್ಬರಾಗಿ ಮಂಚದ ಬುಡದಲ್ಲಿ ಅಡ್ಡಬಿದ್ದರು.

ಆಚಾರ್ಯರು ಓಡಿಹೋಗಲು ಚಪ್ಪಲಿ ಹುಡುಕಿದರು. ಅವನ್ನು ಆಗಲೇ ಯಾರೋ ಒಳಗೆ ತಂದು ರಾಯರ ಹಳೆಯ ಚಪ್ಪಲಿಯ ಪಕ್ಕದಲ್ಲಿ ಜೋಡಿಸಿಟ್ಟಿದ್ದರು.

"ಪಕ್ಷ ಮುಗಿಯೂತನಾ ಎಲ್ಲೂ ಹೋಗಬ್ಯಾಡ್ರಿ," ಎನ್ನುತ್ತ ನರ್ಮದಾಬಾಯಿ ವಡೆಯ ತಾಟು ಹಿಡಿದು ಮಂಚದ ಹತ್ತಿರ ಬಂದರು.

ಆಚಾರ್ಯರು ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದರು.

"ನೋಡೋ ರಘು," ಎಂದರು ನರ್ಮದಾಬಾಯಿ ಕಣ್ಣೊರೆಸಿಕೊಂಡು, "ಇನ್ನೂ ಬೇಕಂತ."